ಹೊಟ್ಟೆ ನೋಡಿ ಹಿಂಡಿ ಇಡಿ: ಹಾಲಿನ ಹಸುವಿಗೆ ತಿನ್ನಿಸುವ ಬಗೆ

ನನ್ನ ತಂಗಿ ಮಗ ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿದ್ದಾನೆ. ಹೋದ ಯುಗಾದಿ ಹೊತ್ತಿಗೆ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನೋ ಹಾಲಿನ ತಳಿ) ಹಸು ತಂದ. ಹದಿನೈದು ದಿನಕ್ಕೆ ಫೋನ್ ಬಂತು. "ದೊಡ್ಡಮ್ಮ, ಹನ್ನೆರಡು ಲೀಟರ್ ಹಾಲು ಅಂತ ತಂದೆ, ಒಂಬತ್ತಕ್ಕೆ ಇಳಿದುಬಿಟ್ಟಿದೆ. ಯಾವ ಫೀಡ್ ಹಾಕಲಿ ಹೇಳು."

"ಫೀಡ್ ಆಮೇಲೆ. ನೀರು ಎಷ್ಟು ಕುಡೀತಪ್ಪಾ ಇವತ್ತು?" ಅಂದೆ.

ಬೆಳಗ್ಗೆ ಒಂದು ಬಕೆಟ್ಟು, ಸಂಜೆ ಒಂದು ಬಕೆಟ್ಟು ಇಡ್ತೀವಿ ಅಂದ. ಬಕೆಟ್ಟಿಗೆ ಹದಿನೈದು ಲೀಟರ್ ಅಂದರೂ ದಿನಕ್ಕೆ ಮೂವತ್ತು. ಬೇಸಿಗೆ, ಅದೂ ಚಳ್ಳಕೆರೆ ಬಿಸಿಲು. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ. ಹನ್ನೆರಡು ಲೀಟರ್ ಹಾಲಿಗೇ ಹತ್ತೂವರೆ ಲೀಟರ್ ನೀರು ಹೋಯಿತು. ಉಳಿದದ್ದರಲ್ಲಿ ಅಷ್ಟು ದೊಡ್ಡ ಜೀವ ಬದುಕಬೇಕು, ಮೆಲುಕು ಹಾಕಬೇಕು, ಗಂಜಳ ಹಾಕಬೇಕು, ಬಿಸಿಲು ತಡೆಯಬೇಕು. ಹಾಲು ಇಳಿಯದೆ ಇನ್ನೇನಾಗುತ್ತದೆ?

ನಾನು ದಾವಣಗೆರೆ ಕಡೆಯ ಆನಗೋಡು ಹತ್ತಿರದವಳು. ಇಪ್ಪತ್ತೆರಡು ವರ್ಷದಿಂದ ಹಸು ಕಟ್ಟಿದ್ದೇನೆ. ಈಗ ಮೂರು ಕರೆಯುವ ಹಸು, ಒಂದು ಗಬ್ಬದ್ದು, ಎರಡು ಕಡಸು ಇವೆ. ಹಾಲು ಊರಿನ ಸಂಘಕ್ಕೆ ಹಾಕುತ್ತೇನೆ, ಅಲ್ಲಿಂದ ಶಿವಮೊಗ್ಗ ಹಾಲು ಒಕ್ಕೂಟಕ್ಕೆ ಹೋಗುತ್ತದೆ. ತಂಗಿ ಮಗನಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಇಲ್ಲಿ ಸೇರಿಸಿ ಬರೆದಿದ್ದೇನೆ. ಹೊಸದಾಗಿ ಹಸು ಕಟ್ಟುವವರಿಗೆ ಉಪಯೋಗ ಆಗಲಿ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ನಾವು ತಿನ್ನಿಸೋದು ಹಸುವಿಗೆ ಅಂದುಕೊಂಡಿರುತ್ತೇವೆ. ನಿಜವಾಗಿ ತಿನ್ನಿಸೋದು ಅದರ ದೊಡ್ಡ ಹೊಟ್ಟೆಯೊಳಗಿನ ಜೀವಾಣುಗಳಿಗೆ. ಎಡಗಡೆ ಪಕ್ಕೆಯ ತುಂಬ ಇರುವ ಆ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಾಣುಗಳಿವೆ. ಒಣಹುಲ್ಲು ನಮಗೆ ಕಸ. ಅದನ್ನು ಅರಗಿಸಿ ಹಾಲಿಗೆ ಬೇಕಾದ್ದನ್ನು ಮಾಡಿಕೊಡುವುದು ಅವೇ. ಅವಕ್ಕೆ ಹದವಾದ ನೀರು ಬೇಕು, ನಾರು ಬೇಕು, ದಿನಾ ಒಂದೇ ಥರದ ಊಟ ಬೇಕು. ಅವು ಚೆನ್ನಾಗಿದ್ದರೆ ಹಸು ಚೆನ್ನಾಗಿರುತ್ತದೆ. ಇನ್ನು ಮುಂದೆ ಹೇಳುವ ಲೆಕ್ಕವೆಲ್ಲ ಇದೊಂದರಿಂದಲೇ ಹುಟ್ಟಿದ್ದು.

ನೀರಿನ ತೊಟ್ಟಿ

ನೀರನ್ನು ಅಳೆದು ಇಡಬೇಡಿ. ಹಗಲು ರಾತ್ರಿ ಹಸುವಿನ ಬಾಯಿಗೆ ಸಿಗುವಂತೆ ಇರಲಿ. ಹತ್ತು ಹನ್ನೆರಡು ಲೀಟರ್ ಕೊಡುವ ಹಸು ದಿನಕ್ಕೆ ಎಪ್ಪತ್ತು ಎಂಬತ್ತು ಲೀಟರ್ ಕುಡಿಯುತ್ತದೆ, ಏಪ್ರಿಲ್ ಮೇನಲ್ಲಿ ನೂರರ ಹತ್ತಿರ ಹೋಗುತ್ತದೆ. ನಾನು ಗೋದಲಿಯ ಪಕ್ಕದಲ್ಲೇ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದೇನೆ. ವಾರಕ್ಕೆ ಎರಡು ಸಲ ತೆಂಗಿನ ನಾರಿನಲ್ಲಿ ತಿಕ್ಕಿ ಪಾಚಿ ತೆಗೆಯುತ್ತೇನೆ, ಹದಿನೈದು ದಿನಕ್ಕೊಮ್ಮೆ ಒಳಗೆ ಸುಣ್ಣ ಬಳಿದು ಒಣಗಿಸುತ್ತೇನೆ. ತೊಟ್ಟಿ ಮೇಲಿನ ನೀರು ಬಿಸಿಲಿಗೆ ಕಾದು ಬಿಸಿ ಆಗಿದ್ದರೆ ಹಸು ಮೂಸಿ ಬಿಡುತ್ತದೆ. ತೊಟ್ಟಿಗೂ ನೆರಳು ಮಾಡಿ.

ತಂಗಿ ಮಗ ಅರ್ಧ ಡ್ರಮ್ಮು ಕತ್ತರಿಸಿ ಇಟ್ಟ. ಎಂಟು ದಿನಕ್ಕೆ ಹಾಲು ಹನ್ನೊಂದಕ್ಕೆ ಬಂತು. ಹಿಂಡಿ ಒಂದು ಹಿಡಿ ಜಾಸ್ತಿ ಹಾಕಿರಲಿಲ್ಲ.

ಎಷ್ಟು ತಿನ್ನಿಸಬೇಕು ಅನ್ನೋ ಲೆಕ್ಕ

ಹಸುವಿನ ತೂಕ ಗೊತ್ತಿಲ್ಲದೆ ಲೆಕ್ಕ ಬರುವುದಿಲ್ಲ. ತಕ್ಕಡಿ ಬೇಕಿಲ್ಲ, ದರ್ಜಿ ಟೇಪು ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿಯಿರಿ. ಆಮೇಲೆ ಭುಜದ ಮೂಳೆಯ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆವರೆಗೆ ಉದ್ದ ಹಿಡಿಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಕೆಜಿ ಬರುತ್ತದೆ. ನನ್ನ ದೊಡ್ಡ ಹಸು ಗೌರಿಯ ಸುತ್ತಳತೆ 70 ಇಂಚು, ಉದ್ದ 58 ಇಂಚು. ಲೆಕ್ಕ ಹಾಕಿದರೆ ಸುಮಾರು 430 ಕೆಜಿ.

ಮಿಶ್ರತಳಿ ಹಸು ತನ್ನ ತೂಕದ ನೂರಕ್ಕೆ ಎರಡೂವರೆಯಿಂದ ಮೂರು ಭಾಗ ಒಣ ಲೆಕ್ಕದ ಆಹಾರ ತಿನ್ನುತ್ತದೆ. ಒಣ ಲೆಕ್ಕ ಅಂದರೆ ಮೇವಿನಲ್ಲಿರುವ ನೀರನ್ನು ಕಳೆದು ಉಳಿಯುವ ತೂಕ. ಹಸಿ ಹುಲ್ಲು ನೂರು ಕೆಜಿ ಕೊಯ್ದರೆ ಅದರಲ್ಲಿ ಒಣ ಭಾಗ ಇಪ್ಪತ್ತೇ ಕೆಜಿ. ಇಷ್ಟು ದೊಡ್ಡ ಹೊರೆ ಹಾಕಿದೆ ಅಂತ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ, ಹೊರೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುತ್ತದೆ.

ಗೌರಿಗೆ ದಿನಕ್ಕೆ ಹದಿಮೂರು ಕೆಜಿ ಒಣ ಲೆಕ್ಕ ಬೇಕು. ಈಗ ಹನ್ನೆರಡು ಲೀಟರ್ ಕೊಡುತ್ತಾಳೆ. ದೇಹ ಕಾಪಾಡಿಕೊಳ್ಳಲು ಒಂದೂವರೆ ಕೆಜಿ ಹಿಂಡಿ ಮಿಶ್ರಣ (ಕಾಳಿನ ನುಚ್ಚು, ಎಣ್ಣೆಕಾಳಿನ ಹಿಂಡಿ, ತೌಡು ಬೆರೆಸಿದ್ದು; ಲೆಕ್ಕದಲ್ಲಿ ಬರೀ ಹಿಂಡಿ ಅಂದರೂ ಇದೇ), ಆಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದೊಂದು ಕೆಜಿ. ಹಾಲಿನ ಪಾಲು 4.8 ಕೆಜಿ, ಒಟ್ಟು 6.3 ಕೆಜಿ. ಹಸಿ ಮೇವು 25 ಕೆಜಿ, ಒಣಹುಲ್ಲು 3 ಕೆಜಿ. ಮೂರೂ ಸೇರಿದರೆ ಒಣ ಲೆಕ್ಕದಲ್ಲಿ ಹದಿಮೂರು ದಾಟುತ್ತದೆ. ಆರೂ ಚಿಲ್ಲರೆ ಕೆಜಿ ಹಿಂಡಿಯನ್ನು ಒಂದೇ ಸಲ ಸುರಿಯಬೇಡಿ. ಮೂರು ಹೊತ್ತು ಹಂಚಿ. ಒಂದು ಹೊತ್ತಿಗೆ ಎರಡೂವರೆ ಮೂರು ಕೆಜಿ ದಾಟಬಾರದು.

ಅಲಸಂದೆ, ಕುದುರೆ ಮೆಂತೆಯಂಥ ದ್ವಿದಳ ಮೇವು ಚೆನ್ನಾಗಿ ಸಿಗುತ್ತಿದ್ದರೆ ಹಿಂಡಿ ಕಮ್ಮಿ ಮಾಡಬಹುದು. ಐದಾರು ಲೀಟರ್ ಕೊಡುವ ಹಸುವಿಗೆ ಒಳ್ಳೆ ಮೇವೇ ಬಹುಪಾಲು ಸಾಕು. ಸುಮ್ನೆ ಚೀಲದ ಮೇಲೆ ಚೀಲ ಕೊಂಡು ಹಾಕುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹಾಲಿನ ದುಡ್ಡು ಹಿಂಡಿ ಅಂಗಡಿಗೇ ಹೋದರೆ ಹಸು ಕಟ್ಟಿ ಏನು ಬಂತು?

ಮನೆಯಲ್ಲೇ ಮಿಶ್ರಣ

ನಂದಿನಿ ಫೀಡ್ ಸಂಘದಲ್ಲೇ ಸಿಗುತ್ತದೆ, ಅದನ್ನೂ ಬಳಸುತ್ತೇನೆ. ಆದರೆ ನಮ್ಮ ದಾವಣಗೆರೆ ಕಡೆ ಮೆಕ್ಕೆಜೋಳ ಮನೆಯಲ್ಲೇ ಬೆಳೆಯುತ್ತದೆ. ಭದ್ರಾ ನಾಲೆ ಕೆಳಗೆ ಭತ್ತ ಬೆಳೆಯುವುದರಿಂದ ರೈಸ್ ಮಿಲ್ಲುಗಳಲ್ಲಿ ತೌಡು ಸಿಗುತ್ತದೆ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳಿವೆ, ಶೇಂಗಾ ಹಿಂಡಿಗೆ ಕೊರತೆ ಇಲ್ಲ. ಹೀಗಿರುವಾಗ ಕಟಾವಿನ ಮೂರು ನಾಲ್ಕು ತಿಂಗಳಾದರೂ ಮನೆ ಮಿಶ್ರಣ ಮಾಡಿಕೊಳ್ಳುವುದು ಒಳ್ಳೆಯದು.

ನೂರು ಕೆಜಿಗೆ ನಾನು ಹಾಕುವುದು ಹೀಗೆ. ಮೆಕ್ಕೆಜೋಳದ ನುಚ್ಚು 38 ಕೆಜಿ. ಶೇಂಗಾ ಹಿಂಡಿ 15, ಹತ್ತಿಕಾಳು ಹಿಂಡಿ 15. ತೌಡು ಮತ್ತು ಗೋಧಿ ಬೂಸಾ ಸೇರಿ 29. ಖನಿಜ ಮಿಶ್ರಣ 2, ಉಪ್ಪು 1. ಮೆಕ್ಕೆಜೋಳವನ್ನು ನುಚ್ಚು ಮಾಡಿಸಿ, ಇಡೀ ಕಾಳು ಹಾಕಬೇಡಿ. ಹಿಟ್ಟಿನಷ್ಟು ನುಣ್ಣಗೂ ಬೇಡ. ಈ ಮಿಶ್ರಣ ಐದಾರು ಕೆಜಿ ತಿನ್ನುವ ಹಸುವಿಗೆ ಬೇರೆ ಖನಿಜ ಹಾಕಬೇಕಿಲ್ಲ. ಹಿಂಡಿ ಕಮ್ಮಿ ತಿನ್ನುವ ಹಸುವಿಗೆ ಮಾತ್ರ ದಿನಕ್ಕೆ 50 ಗ್ರಾಂ, ಕಡಸಿಗೆ 30 ಗ್ರಾಂ ಬೇರೆ ಕೊಡಿ.

ಶೇಂಗಾ ಹಿಂಡಿ ತರುವಾಗ ಮುರಿದು ನೋಡಿ, ಮೂಸಿ ನೋಡಿ. ಹಸಿರು, ಕಪ್ಪು ಬೂಷ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ. ಆ ಬೂಷ್ಟಿನ ವಿಷ ಹಸುವಿನ ಈಲಿಗೆ (ಲಿವರ್‌ಗೆ) ಹೊಡೆಯುತ್ತದೆ, ಹಾಲಿಗೂ ಇಳಿಯುತ್ತದೆ. ಆ ಹಾಲು ಯಾರದೋ ಮನೆಯ ಮಗು ಕುಡಿಯುತ್ತದೆ ಅಲ್ವಾ?

ಮೇವು: ನಮ್ಮ ನೆಲದಲ್ಲಿ ಏನು ಸಿಗುತ್ತದೋ ಅದು

ಒಣಮೇವಿನಲ್ಲಿ ರಾಗಿ ಹುಲ್ಲು ನನಗೆ ಎಲ್ಲಕ್ಕಿಂತ ಇಷ್ಟ. ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಆ ಪುಣ್ಯ ಇದೆ. ಭತ್ತದ ಹುಲ್ಲು ಅದಕ್ಕಿಂತ ಕೀಳು. ಸತ್ವ ಕಮ್ಮಿ, ಜೊತೆಗೆ ಅದರಲ್ಲಿರುವ ಆಕ್ಸಲೇಟು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಹಸುವಿಗೆ ಸಿಗದಂತೆ ಮಾಡುತ್ತದೆ. ನಾಲೆ ಕೆಳಗಿನವರು ಬರೀ ಭತ್ತದ ಹುಲ್ಲು ಹಾಕುವುದಾದರೆ ಖನಿಜ ಮಿಶ್ರಣ ಒಂದು ದಿನವೂ ತಪ್ಪಿಸಬಾರದು. ಆ ಹುಲ್ಲನ್ನು ಯೂರಿಯಾದಲ್ಲಿ ಹದ ಮಾಡಲೂಬಹುದು. ನೂರು ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಟಾರ್ಪಾಲ್ ಮುಚ್ಚಿ 21 ದಿನ ಬಿಡಿ. ತಿನ್ನಿಸುವ ಮುಂಚೆ ಒಂದು ತಾಸು ಹರವಿ ಗಾಳಿಗೆ ಬಿಟ್ಟು ಘಾಟು ಹೋಗಿಸಿ. ಆರು ತಿಂಗಳೊಳಗಿನ ಕರುವಿಗೆ ಇದನ್ನು ಕೊಡಬಾರದು. ಯೂರಿಯಾ ಕರಗಿಸಿದ ನೀರನ್ನು ದನಕ್ಕೆ ಸಿಗುವಂತೆ ಇಡಲೇಬಾರದು. ಕುಡಿದರೆ ಪ್ರಾಣಕ್ಕೆ ಬರುತ್ತದೆ.

ಹಸಿ ಮೇವಿಗೆ ನೇಪಿಯರ್ ಹುಲ್ಲಿನ ತುಂಡು ನೆಟ್ಟುಕೊಳ್ಳಿ. ಮೊದಲ ಕೊಯ್ಲು ಎರಡೂವರೆ ತಿಂಗಳಿಗೆ, ಆಮೇಲೆ ಒಂದೂವರೆ ತಿಂಗಳಿಗೊಂದು ಕೊಯ್ಲು. ಬಲಿಯಲು ಬಿಟ್ಟರೆ ಬಿದಿರು ತಿಂದ ಹಾಗೆ. ಬೇಲಿ ಸಾಲಿಗೆ ಅಗಸೆ, ಗ್ಲಿರಿಸಿಡಿಯಾ, ನುಗ್ಗೆ ಹಾಕಿ. ಮೂರು ಪಾಲು ಹುಲ್ಲಿಗೆ ಒಂದು ಪಾಲು ದ್ವಿದಳ ಸೊಪ್ಪು ಬೆರೆತರೆ ಹಸು ಗೋದಲಿ ನೆಕ್ಕಿ ಬಿಡುತ್ತದೆ. ಏನೇ ಹಾಕಿದರೂ ಕತ್ತರಿಸಿ ಹಾಕಿ. ಇಡೀ ದಂಟು ಹಾಕಿದರೆ ಎಲೆ ತಿಂದು ದಂಟನ್ನು ಕಾಲ ಕೆಳಗೆ ತುಳಿಯುತ್ತದೆ.

ಜಗಳೂರು, ಚಳ್ಳಕೆರೆ ಕಡೆಯ ಜೋಳದ ರೈತರಿಗೆ ಒಂದು ಎಚ್ಚರಿಕೆ. ಎಳೆ ಜೋಳದ ಪೈರು, ಕಟಾವಾದ ಮೇಲೆ ಚಿಗುರಿದ ಕೂಳೆ, ಮಳೆ ಇಲ್ಲದೆ ಬಾಡಿದ ಜೋಳ, ಇವುಗಳಲ್ಲಿ ಸಯನೈಡಿನ ವಿಷ ಇರುತ್ತದೆ. ಹೊಟ್ಟೆ ತುಂಬ ತಿಂದ ದನ ಉಸಿರು ಕಟ್ಟಿ ಸ್ವಲ್ಪ ಹೊತ್ತಿನಲ್ಲೇ ಬೀಳುತ್ತದೆ. ಹೂ ಬಂದ ಮೇಲೆಯೇ ಜೋಳದ ಹಸಿ ಮೇವು ಕೊಯ್ಯಿರಿ.

ಬೇಸಿಗೆಗೆ ರಸಮೇವು (ಸೈಲೇಜ್, ಗಾಳಿ ಆಡದಂತೆ ಕಟ್ಟಿಟ್ಟು ಹುಳಿ ಬರಿಸಿದ ಹಸಿ ಮೇವು) ಮಾಡಿಟ್ಟುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಇಷ್ಟು ಮೆಕ್ಕೆಜೋಳ ಇಟ್ಟುಕೊಂಡು ಏಪ್ರಿಲ್‌ನಲ್ಲಿ ಮೇವಿಲ್ಲ ಅನ್ನುವುದು ನನಗೆ ಸಂಕಟ. ತೆನೆಯ ಕಾಳು ಉಗುರಿನಲ್ಲಿ ಒತ್ತಿದರೆ ಹಾಲು ಗಟ್ಟಿಯಾಗಿ ಹಿಟ್ಟಿನಂತೆ ಆಗಿರಬೇಕು, ಆಗ ತೆನೆ ಸಮೇತ ಕೊಯ್ಯಿರಿ. ಒಂದರ್ಧ ಇಂಚಿಗೆ ಕತ್ತರಿಸಿ. ಒಂದು ಹಿಡಿ ತಗೊಂಡು ಮುಷ್ಟಿ ಬಿಗಿ ಹಿಡಿದು ಬಿಡಿ. ನೀರು ಸುರಿದರೆ ಹಸಿ ಜಾಸ್ತಿ, ಒಂದು ದಿನ ಬಾಡಿಸಿ. ಮುಷ್ಟಿ ಬಿಟ್ಟ ಕೂಡಲೇ ಉದುರಿದರೆ ಒಣಗಿದೆ. ನಿಧಾನಕ್ಕೆ ಬಿಚ್ಚಿಕೊಂಡು ಅಂಗೈ ಸ್ವಲ್ಪ ಒದ್ದೆ ಆದರೆ ಹದ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ಸ್ವಲ್ಪ ಹಾಕುತ್ತಾ ತುಳಿದು ತುಳಿದು ತುಂಬಿ, ಗಾಳಿ ಹೋಗದಂತೆ ಬಾಯಿ ಕಟ್ಟಿ. 45 ದಿನ ಮುಟ್ಟಬೇಡಿ. ಇಲಿ ಒಂದು ತೂತು ಮಾಡಿದರೂ ಒಳಗೆ ಕೊಳೆಯುತ್ತದೆ, ದಿನಾ ಒಂದು ಸುತ್ತು ನೋಡಿ, ತೂತಿಗೆ ಟೇಪು ಅಂಟಿಸಿ. ಬಿಚ್ಚಿದಾಗ ಹಸಿರು ಹಳದಿ ಬಣ್ಣ, ಹುಳಿ ಹುಳಿ ಘಮ ಇರಬೇಕು. ಕಪ್ಪಾದದ್ದು, ಬೂಷ್ಟು ಹಿಡಿದದ್ದು ಗೊಬ್ಬರದ ಗುಂಡಿಗೆ.

ಕಣದಲ್ಲಿ ನಡೆದದ್ದು

2018ರ ದೀಪಾವಳಿ ಕಳೆದಿತ್ತು. ಮೆಕ್ಕೆಜೋಳ ಬಿಡಿಸಿ ಕಣದಲ್ಲಿ ರಾಶಿ ಹಾಕಿದ್ದೆವು. ರಾತ್ರಿ ನಾನೇ ಹಸು ಕಟ್ಟಿದ್ದು, ಹಗ್ಗದ ಗಂಟು ಸಡಿಲ ಇತ್ತು. ಬೆಳಗಿನ ಜಾವ ಎದ್ದು ನೋಡಿದರೆ ಗೌರಿಯ ತಾಯಿ ರಾಶಿಯ ಪಕ್ಕ ನಿಂತಿದ್ದಾಳೆ. ಎಷ್ಟು ತಿಂದಳೋ ಗೊತ್ತಿಲ್ಲ. ಖುಷಿಯಾಗಿ ತಿಂದಿದ್ದಾಳೆ, ಇವತ್ತು ಹಾಲು ಜಾಸ್ತಿ ಬರುತ್ತದೆ ಅಂದುಕೊಂಡೆ. ಆ ತಪ್ಪು ಇವತ್ತಿಗೂ ಮರೆತಿಲ್ಲ.

ಮಧ್ಯಾಹ್ನಕ್ಕೆ ಮೆಲುಕು ನಿಂತಿತು. ಎಡ ಹೊಟ್ಟೆ ಬಿಗಿದುಕೊಂಡಿತು. ಸಂಜೆಗೆ ಹುಳಿ ನಾತದ ನೀರು ಸಗಣಿ, ಅದರಲ್ಲಿ ಇಡೀ ಇಡೀ ಕಾಳು. ನಡೆದರೆ ಕುಡಿದವರ ಹಾಗೆ ತೂರಾಡುತ್ತಿದ್ದಳು. ಡಾಕ್ಟರು ಬಂದು ಅಡುಗೆ ಸೋಡಾ ಕುಡಿಸಿ, ಬಾಟಲಿ ಮೇಲೆ ಬಾಟಲಿ ಏರಿಸಿದರು. ಕಾಳು ಹೊಟ್ಟೆಯಲ್ಲಿ ಬೇಗ ಹುಳಿಯುತ್ತದೆ, ಆ ಹುಳಿಗೆ ಒಳ್ಳೆ ಜೀವಾಣುಗಳು ಸಾಯುತ್ತವೆ, ಹುಳಿ ರಕ್ತಕ್ಕೂ ಇಳಿಯುತ್ತದೆ ಅಂತ ಬಿಡಿಸಿ ಹೇಳಿದರು. ಬದುಕಿದಳು. ಹನ್ನೊಂದು ಲೀಟರಿನವಳು ಮೂರಕ್ಕೆ ಇಳಿದು, ಮತ್ತೆ ಎಂಟಕ್ಕೆ ಬರಲು ಒಂದು ತಿಂಗಳು ಬೇಕಾಯಿತು. ಆ ಸೂಲಿನಲ್ಲಿ, ಅಂದರೆ ಮುಂದಿನ ಕರು ಹಾಕುವವರೆಗೆ, ಹನ್ನೊಂದು ಮತ್ತೆ ನೋಡಲಿಲ್ಲ.

ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸವನ್ನು ಪಾತ್ರೆಗಟ್ಟಲೆ ತಂದು ಸುರಿಯುವುದೂ ಇದೇ ಕೆಲಸ ಮಾಡುತ್ತದೆ. ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಬೇಡ. ಮನೆಯ ಮುಸುರೆಯಲ್ಲಿ ಒಂದು ಹಿಡಿ ಅನ್ನ ಇದ್ದರೆ ಏನೂ ಆಗುವುದಿಲ್ಲ. ದನ ಕಾಳು ತಿಂದದ್ದು ಗೊತ್ತಾದರೆ ಲಕ್ಷಣ ಬರಲಿ ಅಂತ ಕಾಯದೆ ಡಾಕ್ಟರಿಗೆ ಹೇಳಿ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿಯವರು ಸಿಗುತ್ತಾರೆ.

ಫೀಡ್ ಬದಲಿಸುವಾಗಲೂ ಇದನ್ನೇ ನೆನಪಿಡಿ. ಮೊದಲ ಮೂರು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಪೂರ್ತಿ ಬದಲಾಗಲು ಹತ್ತು ದಿನ ಹಿಡಿಯಲಿ.

ಕರು ಹಾಕುವ ಹಿಂದೆ ಮುಂದೆ

ಕರು ಹಾಕುವ ಎರಡು ತಿಂಗಳು ಮುಂಚೆ ಹಾಲು ಬತ್ತಿಸಿ. ಇನ್ನೂ ನಾಲ್ಕು ಲೀಟರ್ ಬರ್ತಿದೆ ಅಂತ ಆಸೆ ಪಡಬೇಡಿ, ಮುಂದಿನ ಸೂಲಿನಲ್ಲಿ ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ. ಈ ಎರಡು ತಿಂಗಳು ಒಳ್ಳೆ ಮೇವಿನ ಜೊತೆ ಎರಡು ಕೆಜಿ ಮಿಶ್ರಣ ಸಾಕು. ಕೊನೆಯ ಮೂರು ವಾರದಲ್ಲಿ ನಿಧಾನಕ್ಕೆ ಏರಿಸಿ, ಆಗ ಜೀವಾಣುಗಳಿಗೂ ಹಿಂಡಿ ರೂಢಿಯಾಗುತ್ತದೆ. ಆ ಮೂರು ವಾರ ಕ್ಯಾಲ್ಸಿಯಂ ಟಾನಿಕ್ ಬೇಡ. ಹೊರಗಿನಿಂದ ಸುರಿದರೆ ಹಸು ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಕೆಲಸ ಮರೆತು ಕೂರುತ್ತದೆ. ಕರು ಹಾಕಿದ ದಿನ ಹಾಲಿಗೆ ಒಮ್ಮೆಲೇ ಬೇಕಾದಾಗ ಕೈಕೊಡುತ್ತದೆ. ಕರು ಹಾಕಿದ ಮೂರು ದಿನದೊಳಗೆ ಹಸು ಏಳಲಾರದೆ ಕುತ್ತಿಗೆ ಪಕ್ಕೆಗೆ ತಿರುಗಿಸಿ ಮಲಗಿದರೆ, ಕಿವಿ ತಣ್ಣಗಿದ್ದರೆ, ಅದು ಹಾಲು ಜ್ವರ. ಹೆಸರು ಜ್ವರ ಅಂತ ಇದ್ದರೂ ಮೈ ತಣ್ಣಗಿರುತ್ತದೆ. ಡಾಕ್ಟರು ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಕಣ್ಣೆದುರೇ ಎದ್ದು ನಿಲ್ಲುವ ಹಸುಗಳೂ ಇವೆ. ಬಾಯಿಗೆ ಏನೂ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ.

ಕರುವಿಗೆ ಹುಟ್ಟಿದ ಒಂದು ತಾಸಿನೊಳಗೆ ಗಿಣ್ಣು ಹಾಲು ಕುಡಿಸಿ. ಹಸುವಿನ ಕಸ (ಮಾಸು) ಬೀಳಲಿ ಅಂತ ಕಾಯಬೇಡಿ. ಕರು ಹಾಕಿದ ಹಸುವಿಗೆ ಹಿಂಡಿಯನ್ನು ಎರಡು ಮೂರು ದಿನಕ್ಕೆ ಅರ್ಧ ಕೆಜಿಯಂತೆ ಏರಿಸಿ. ಹಾಲು ಏರುವುದು ಆರರಿಂದ ಎಂಟು ವಾರದವರೆಗೆ. ಆಗ ತಿನ್ನಿಸಿದ್ದು ಇಡೀ ಸೂಲಿಗೆ ಬರುತ್ತದೆ.

ಬಿಸಿಲು, ಫ್ಯಾಟ್, ಸಗಣಿ

ಬೇಸಿಗೆಯಲ್ಲಿ ಮಧ್ಯಾಹ್ನ ಹಸು ತಿನ್ನುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಬೆಳಗಿನ ಜಾವ ಐದಕ್ಕೆ ಮತ್ತು ರಾತ್ರಿ ಮೇವಿನ ದೊಡ್ಡ ಪಾಲು ಹಾಕಿ. ತಗಡಿನ ಮೇಲೆ ತೆಂಗಿನ ಗರಿ, ಅಡಿಕೆ ಸೋಗೆ ಹೊದಿಸಿ. ಕೊಟ್ಟಿಗೆಗಿಂತ ಹೊಂಗೆ ಮರದ ನೆರಳು ಒಳ್ಳೆಯದು, ಇದ್ದರೆ ಅಲ್ಲೇ ಕಟ್ಟಿ.

ಸಂಘದಲ್ಲಿ ಫ್ಯಾಟ್ (ಹಾಲಿನ ಕೊಬ್ಬು) ನೂರಕ್ಕೆ 3.5ಕ್ಕಿಂತ ಇಳಿದರೆ ಮೊದಲು ಹುಲ್ಲು ನೋಡಿ. ನಾರಿನಿಂದಲೇ ಹಾಲಿಗೆ ಕೊಬ್ಬು ಬರುವುದು. ಹಿಂಡಿ ಜಾಸ್ತಿ ಹುಲ್ಲು ಕಮ್ಮಿ ಆದಾಗ ಹಾಲು ಏರಿ ಫ್ಯಾಟ್ ಇಳಿಯುತ್ತದೆ.

ಹಾಲು ಕರೆದ ಕೂಡಲೇ ಗೋದಲಿಗೆ ಮೇವು ಹಾಕಿ. ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ತಾಸಾದರೂ ಬೇಕು, ಅಷ್ಟು ಹೊತ್ತು ಹಸು ಮಲಗದೆ ನಿಂತು ತಿನ್ನಲಿ. ಹಸಿ ಸಗಣಿಯ ಮೇಲೆ ಮಲಗಿದರೆ ಕೆಚ್ಚಲು ಬಾವು ಖಂಡಿತ ಬರುತ್ತದೆ ಅಂತಲ್ಲ, ಆದರೆ ಅದಕ್ಕೆ ಬಾಗಿಲು ತೆರೆದ ಹಾಗೆ.

ಬೆಳಗ್ಗೆ ಸಗಣಿ ಬಾಚುವಾಗ ಕಣ್ಣಿಟ್ಟು ನೋಡಿ. ಗಟ್ಟಿ ಗಂಜಿಯ ಹಾಗೆ ಬಿದ್ದು, ಎರಡು ಬೆರಳು ಎತ್ತರಕ್ಕೆ ಸುರುಳಿ ಸುರುಳಿಯಾಗಿ ನಿಂತು, ನಡುವೆ ಸಣ್ಣ ಕುಳಿ ಇದ್ದರೆ ಎಲ್ಲಾ ಸರಿ. ತೆಳ್ಳಗೆ ಹರಡಿ ಕಾಳು ಕಂಡರೆ ಹಿಂಡಿ ಜಾಸ್ತಿ ಅಥವಾ ನುಚ್ಚು ದಪ್ಪ. ಗಟ್ಟಿ ಉಂಡೆ ಆಗಿದ್ದರೆ ನೀರು ಸಾಲದು, ಇಲ್ಲವೇ ಬರೀ ಒಣಹುಲ್ಲು. ಎಡ ಪಕ್ಕೆಯಲ್ಲಿ, ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಯನ್ನೂ ನೋಡಿ. ಮುಷ್ಟಿ ಹಿಡಿಯುವಷ್ಟು ಒಳಗೆ ಹೋಗಿದ್ದರೆ ರಾತ್ರಿ ಹಸಿದಿದೆ ಅಂತ ಲೆಕ್ಕ.

ರಾತ್ರಿ ಊಟ ಆದ ಮೇಲೆ ನಾನು ಕೊಟ್ಟಿಗೆ ಬಾಗಿಲಲ್ಲಿ ಐದು ನಿಮಿಷ ಕೂರುತ್ತೇನೆ. ಮಲಗಿದ ಹಸುವಿನ ಗಂಟಲಲ್ಲಿ ಉಂಡೆ ಮೇಲೆ ಬರುವುದು ಕಾಣುತ್ತದೆ. ಅಲ್ಲಿಂದ ನುಂಗುವವರೆಗೆ ಎಷ್ಟು ಸಲ ಅಗಿಯಿತು ಅಂತ ಎಣಿಸುತ್ತೇನೆ. ಐವತ್ತು, ಅರವತ್ತು ಬಂದರೆ ನಾರು ಸರಿ ಇದೆ. ನಲವತ್ತಕ್ಕೆ ನುಂಗಿಬಿಟ್ಟರೆ ನಾಳೆಯಿಂದ ಅರ್ಧ ಕೆಜಿ ಹಿಂಡಿ ಕಮ್ಮಿ, ಒಂದು ಕೆಜಿ ಒಣಹುಲ್ಲು ಜಾಸ್ತಿ. ಮೂರು ದಿನ ಬಿಟ್ಟು ಮತ್ತೆ ಎಣಿಸುತ್ತೇನೆ.